ಏಳನೇ ಇನಿಂಗ್ಸ್

ಸಾಫ್ಟ್‌ಬಾಲ್ ಪಂದ್ಯದಲ್ಲಿ ಇನಿಂಗ್ಸ್ ಎಷ್ಟು ಎಂದು ವಿದ್ಯಾವತಿ ಮೇಡಂ ಕೇಳಿದ್ದು ಸುಮ್ಮನೆ, ಮಾತಿಗೆ ಮಾತು ಬಂದು. ಸಿಂದಗಿಯ ಹೈಸ್ಕೂಲೊಂದರಲ್ಲಿ ಆಕೆ ದೈಹಿಕ ಶಿಕ್ಷಕಿ. ಬೆಳಗಿನ ಅಭ್ಯಾಸ ಮುಗಿಸಿದ ಹುಡುಗಿಯರು ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕೂತು ನೀರು ಕುಡಿಯುತ್ತಿದ್ದರು. ಪ್ರಶ್ನೆ ಬಿದ್ದದ್ದೇ ತಡ, ಎಲ್ಲ ಬಾಯಿಗಳೂ ಒಟ್ಟಿಗೇ ಕೂಗಿದವು.

"ಮೂರ್ರೀ ಮೇಡಂ!"

"ಮೂರು ಅಂತ ಯಾರ್ ಹೇಳ್ಯಾರ ನಿಮಗ?"

"ಮೂರು ಆದ ಮ್ಯಾಲ ಸನ್ಮಾನ ಇರ್ತೈತಲ್ರಿ," ಎಂದಳು ಬುಶ್ರಾ.

ಬುಶ್ರಾ ತಂಡದ ಪಿಚರ್. ಬ್ಯಾಟು ಹಿಡಿದವಳ ಕಡೆಗೆ ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಚೆಂಡು ಎಸೆಯುವವಳು ಅವಳೇ. ಕಂಡಕ್ಟರ್ ಜುಲ್ಫಿಕರನ ಮಗಳು. ತುಂಟಿಯಲ್ಲ, ಕುಚೋದ್ಯದವಳೂ ಅಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೇ. ಆದರೆ ವಿದ್ಯಾವತಿಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಎರಡೂ ತಂಡಗಳು ಒಂದೊಂದು ಸಲ ಬ್ಯಾಟು ಬೀಸಿದರೆ ಒಂದು ಇನಿಂಗ್ಸ್. ಪೂರ್ತಿ ಪಂದ್ಯಕ್ಕೆ ಅಂಥವು ಏಳು. ಐದನೇ ಇಯತ್ತೆಯಿಂದ ಆಡುತ್ತ ಬಂದ ಈ ಹುಡುಗಿಯರು ಒಂದು ಸಲವಾದರೂ ನಾಲ್ಕನೆಯದರ ಮುಖ ನೋಡಿರಲಿಲ್ಲ. ಆಟದ ಕೊನೆಯ ಭಾಗ ಎಂದರೆ ಭಾಷಣ ಎಂದೇ ತಿಳಿದು ಅವರು ಬೆಳೆದುಬಿಟ್ಟಿದ್ದರು.

ಅದಕ್ಕೆ ಕಾರಣ ಊರಿನಲ್ಲಿ ಮೊದಲಿನಿಂದ ಇದ್ದ ಲೀಗು. ಅದರ ಅಧ್ಯಕ್ಷ ಗುರಲಿಂಗಪ್ಪ, ಪೆಟ್ರೋಲ್ ಪಂಪಿನ ಮಾಲೀಕ. ಬ್ಯಾಟನ್ನು ಯಾವ ತುದಿಯಲ್ಲಿ ಹಿಡಿಯಬೇಕು ಎಂದು ಕೇಳಿದರೆ ಆ ಪುಣ್ಯಾತ್ಮ ತಡಬಡಿಸಿಯಾನು, ಆದರೆ ಮೈಕನ್ನು ನಿದ್ದೆಗಣ್ಣಿನಲ್ಲೂ ಸರಿಯಾಗಿ ಹಿಡಿಯುತ್ತಾನೆ. ಅವನ ಲೀಗಿನ ಒಂದು ಭಾನುವಾರ ಹೇಗಿರುತ್ತದೆ ಎಂದರೆ, ಥೂ, ಹೇಳುವುದಕ್ಕೇ ಹೇಸಿಗೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗಿಯರು ನಸುಕಿನಲ್ಲೇ ಎದ್ದು ಬಸ್ಸು ಹಿಡಿದು ಬರುತ್ತಾರೆ. ಅತಿಥಿಗಳು ಬಿಸಿಲೇರಿದ ಮೇಲೆ ಬರುತ್ತಾರೆ. ಅಲ್ಲಿಯ ತನಕ ಹುಡುಗಿಯರು ಸಾಲುಗಟ್ಟಿ ನಿಲ್ಲಬೇಕು, ಸ್ವಾಗತಕ್ಕೆ. ಆಮೇಲೆ ದೀಪ, ಆಮೇಲೆ ಗೀತೆ, ಆಮೇಲೆ ಆಟದ ಮಹತ್ವ ಕುರಿತು ಆಟವಾಡದವರ ಮಾತು. ನಡುವೆ ಒಂದಿಷ್ಟು ಆಟ. ಮೂರನೇ ಇನಿಂಗ್ಸಿಗೆ ಮುಖ್ಯ ಅತಿಥಿ ಗಡಿಯಾರ ನೋಡಿಕೊಳ್ಳುತ್ತಾನೆ. ಕೂಡಲೇ ಮೈಕು ಕರಕರ ಎನ್ನುತ್ತದೆ, ಹುಡುಗಿಯರು ಎಲ್ಲಿದ್ದರಲ್ಲೇ ಆಟ ಬಿಟ್ಟು ಬಂದು ವೇದಿಕೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಮತ್ತೆ ಹಾರ, ಶಾಲು, ಫೋಟೊ. ಆಡಿದವರಿಗೆ ಒಂದು ತಟ್ಟೆ ಉಪ್ಪಿಟ್ಟು.

ಇಷ್ಟು ವರ್ಷ ವಿದ್ಯಾವತಿ ಅದನ್ನು ಹಲ್ಲು ಕಚ್ಚಿ ಸಹಿಸಿದ್ದಳು. "ಮೂರ್ರೀ ಮೇಡಂ" ಎಂಬ ಆ ಒಂದು ಕೂಗು ಸಹಿಸಲು ಆಗಲಿಲ್ಲ. ಕಾಲೇಜಿನಲ್ಲಿದ್ದಾಗ ಆಕೆಯೂ ಪಿಚರ್. ಮೊದಲ ಮೂರು ಇನಿಂಗ್ಸಿನಲ್ಲಿ ಎಸೆಯುವುದು ತೋಳು; ಆಮೇಲೆ ತೋಳು ಸೋತು ಬೀಳುತ್ತದೆ, ಆಗ ಎಸೆಯುವವಳು ಹುಡುಗಿ. ತಾನು ಎಂಥವಳು ಎಂದು ವಿದ್ಯಾವತಿಗೆ ಗೊತ್ತಾದದ್ದು ಅಂಥದೊಂದು ಏಳನೇ ಇನಿಂಗ್ಸಿನಲ್ಲಿ, ಮೈಯೆಲ್ಲ ಬೆವರು ಮಣ್ಣು ಮೆತ್ತಿಕೊಂಡು ನಿಂತಿದ್ದಾಗ. ಬುಶ್ರಾಳ ಎಸೆತ ತನ್ನದಕ್ಕಿಂತ ಒಂದು ಕೈ ಮೇಲು ಎಂದು ಆಕೆಗೆ ಗೊತ್ತಿತ್ತು. ಆದರೆ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಜೂನಿಗೆ ವಿಜಯಪುರದ ಕಾಲೇಜು ಹಾಸ್ಟೆಲ್ಲಿಗೆ ಹೋಗುತ್ತಾಳೆ, ಆ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಹೆಸರೇ ಇಲ್ಲ. ಒಂದು ಪೂರ್ತಿ ಪಂದ್ಯ ಆಡಿಸುವುದಿದ್ದರೆ ಈ ಬೇಸಿಗೆಯಲ್ಲೇ ಆಡಿಸಬೇಕು.

ಆ ಸಂಜೆಯೇ ಪೆಟ್ರೋಲ್ ಪಂಪಿಗೆ ಹೋದಳು. ಗುರಲಿಂಗಪ್ಪ ಕುರ್ಚಿ ಹಾಕಿಸಿ, ಚಹಾ ತರಿಸಿ, ತಾಳ್ಮೆಯಿಂದ ಕೇಳಿ ನಕ್ಕ.

"ನೋಡವಾ ತಂಗಿ, ಏಳು ಆಡಿದ್ರ ಸಾಹೇಬ್ರು ಕುಂದರ್ತಾರೇನು? ದೊಡ್ಡ ಮಂದಿ ಬಂದ್ರ ಆಟಕ್ಕ ಮರ್ಯಾದಿ."

"ಮರ್ಯಾದಿ ಆಟಕ್ಕೋ ನಿಮಗೋರಿ?"

"ಸಿಟ್ಟಿಗೇಳಬ್ಯಾಡ. ಹುಡಿಗ್ಯಾರು ಮೂರು ಆಡಿದ್ರೇನು, ಏಳು ಆಡಿದ್ರೇನು? ನಾಳೆ ರೊಟ್ಟಿ ಬಡಿಯೂ ಕೈ ಅವು."

ವಿದ್ಯಾವತಿ ಚಹಾ ಮುಟ್ಟಲಿಲ್ಲ. "ನಿಮ್ಮ ಲೀಗ್ ನೀವs ಇಟ್ಕೋರಿ. ನಾ ಬ್ಯಾರೆ ಮಾಡ್ತೇನಿ," ಎಂದು ಎದ್ದು ಬಂದಳು. ದಾರಿಯುದ್ದಕ್ಕೂ ಬಾಯಲ್ಲಿ ಏನೋ ಹುಳಿತದ್ದನ್ನು ತಿಂದ ರುಚಿ.

ಮನೆಯಲ್ಲಿ ಅತ್ತೆ ಇಂದುಬಾಯಿ ಕೇಳಿ ಹಣೆ ಚಚ್ಚಿಕೊಂಡರು. "ನಿನಗ್ಯಾಕ ಬೇಕಿತ್ತವಾ ಊರ ಉಸಾಬರಿ? ಸಾಲಿಗೆ ಹೋಗು, ಪಗಾರ ತಗೋ, ಮನಿಗೆ ಬಾ."

ಉಸಾಬರಿ ಎಂದರೆ ಏನೆಂದು ಮುಂದಿನ ವಾರಗಳಲ್ಲಿ ತಿಳಿಯಿತು. ಹೊಸ ಲೀಗು ಎಂದದ್ದೇ ತಡ, ಊರು ಬಾಯಿ ಬಿಟ್ಟಿತು. ಅಧ್ಯಕ್ಷಗಿರಿ ಸಿಗಲಿಲ್ಲ ಅಂತ ಬೇರೆಯಾದಳು ಎಂದರು ಕೆಲವರು. ಬರುವ ಚುನಾವಣೆಗೆ ನಿಲ್ಲುತ್ತಾಳಂತೆ ಎಂದರು ಇನ್ನು ಕೆಲವರು. ಆಡುವುದಕ್ಕಾಗಿ ಒಬ್ಬರು ಆಟ ಕಟ್ಟಬಹುದು ಎಂದು ಒಂದೇ ಒಂದು ನರಪಿಳ್ಳೆಗೂ ಹೊಳೆಯಲಿಲ್ಲ. ಆಕೆಯೊಂದಿಗೆ ಆಡಿದವರಿಗೆ ನಮ್ಮ ಲೀಗಿನ ಬಾಗಿಲು ಬಂದ್ ಎಂದು ಗುರಲಿಂಗಪ್ಪ ಹೇಳಿ ಕಳಿಸಿದ. ಇಂಡಿಯವರು ಹಿಂದೆ ಸರಿದರು, ಬಾಗೇವಾಡಿಯವರು ಫೋನು ಎತ್ತುವುದನ್ನೇ ಬಿಟ್ಟರು. ಬಸ್ಸಿನಲ್ಲಿ ಕೂತು ಊರೂರು ಅಲೆದರೆ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಉದ್ಘಾಟನಾಕ್ಕ ಯಾರನ್ನ ಕರಸಾಕತ್ತೇರಿ ಮೇಡಂ?" ಯಾರನ್ನೂ ಇಲ್ಲ ಎಂದರೆ ಆಕೆಗೇ ಏನೋ ಕಾಯಿಲೆ ಎಂಬಂತೆ ನೋಡುತ್ತಿದ್ದರು. ಕಡೆಗೆ ಒಪ್ಪಿಕೊಂಡದ್ದು ಮುದ್ದೇಬಿಹಾಳ ಒಂದೇ.

ಊರಿನಲ್ಲಿ ಜೊತೆಗೆ ನಿಂತವನೂ ಒಬ್ಬನೇ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯ ಸಿದ್ಧರಾಮ. ಅವನ ಮಗಳು ತಂಡದ ಕ್ಯಾಚರ್, ಬುಶ್ರಾ ಎಸೆದ ಚೆಂಡನ್ನು ಬ್ಯಾಟಿನವಳ ಹಿಂದೆ ಕೂತು ಹಿಡಿಯುವವಳು. ಮೈದಾನಕ್ಕೆ ಪರವಾನಗಿ ತಂದವನು ಅವನು, ನೀರಿನ ಟ್ಯಾಂಕರ್ ತರಿಸಿದವನೂ ಅವನು.

"ನಾ ಅದೀನ್ರಿ ಮೇಡಂ," ಎಂದಿದ್ದ ಎದೆ ಮುಟ್ಟಿಕೊಂಡು. "ಸ್ಟೇಜ್ ಇಲ್ಲ, ಹಾರ ಇಲ್ಲ. ಆಟ ಅಂದ್ರ ಆಟ. ನಮ್ಮವ್ವನ ಆಣಿ."

ವಿದ್ಯಾವತಿ ನಂಬಿದಳು. ನಂಬದೆ ಏನು ಮಾಡುತ್ತಾಳೆ ಪಾಪ!

ಮೇ ತಿಂಗಳ ಆ ಭಾನುವಾರ ಮುದ್ದೇಬಿಹಾಳದ ಹುಡುಗಿಯರ ಕ್ರೂಸರ್ ಗಾಡಿ ಹೊತ್ತು ಹುಟ್ಟುವ ಮೊದಲೇ ಬಂದು ನಿಂತಿತು. ಯಾರೂ ಯಾರನ್ನೂ ಸ್ವಾಗತಿಸಲಿಲ್ಲ. ಸುಣ್ಣದ ಗೆರೆ ಎಳೆದಾಗಿತ್ತು. ವಿದ್ಯಾವತಿ ಸೀಟಿ ಊದಿದಳು, ಆಟ ಶುರುವಾಯಿತು. ಇಷ್ಟು ಸರಳ! ಇದಕ್ಕೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಆಕೆಗೆ ಒಳಗೊಳಗೇ ಉರಿಯಿತು.

ಮೊದಲ ಮೂರು ಇನಿಂಗ್ಸಿನಲ್ಲಿ ಬುಶ್ರಾಳ ಚೆಂಡು ಮುದ್ದೇಬಿಹಾಳದವರ ಕಣ್ಣಿಗೇ ಬೀಳಲಿಲ್ಲ. ಮೂರು ಮುಗಿದದ್ದೇ ಹುಡುಗಿಯರು ಗ್ಲೌಸು ಬಿಚ್ಚಿ ಚೀಲಕ್ಕೆ ತುರುಕತೊಡಗಿದರು.

"ಏ, ಎಲ್ಲಿಗೆ ಹೊಂಟ್ರಿ?" ಎಂದು ವಿದ್ಯಾವತಿ ಕೂಗಿದಳು.

ಹುಡುಗಿಯರು ನಾಲಿಗೆ ಕಚ್ಚಿಕೊಂಡು ಬಿದ್ದು ಬಿದ್ದು ನಕ್ಕರು, ನಗುತ್ತಲೇ ತಿರುಗಿ ಮೈದಾನಕ್ಕೆ ಓಡಿದರು.

ನಾಲ್ಕನೆಯದರಲ್ಲಿ ಬೇರೆಯೇ ಕತೆ. ಮುದ್ದೇಬಿಹಾಳದ ಎತ್ತರದ ಹುಡುಗಿಯೊಬ್ಬಳಿಗೆ ಬುಶ್ರಾಳ ಎಸೆತ ಅರ್ಥವಾಗಿಬಿಟ್ಟಿತ್ತು. ಬೀಸಿದಳು ನೋಡಿ, ಚೆಂಡು ಕಾಂಪೌಂಡಿನ ತನಕ ಹೋಯಿತು. ಆಮೇಲೆ ಬಂದವಳೂ ಹೊಡೆದಳು. ಬುಶ್ರಾ ಬಲಗೈಯನ್ನು ಜೋತುಬಿಟ್ಟು, ದಿಕ್ಕು ತೋಚದವಳಂತೆ ನಿಂತಳು. ವಿದ್ಯಾವತಿಗೆ ಹೇಳಿಕೊಡುವ ಆಸೆ ಗಂಟಲ ತನಕ ಬಂತು. ಬಾಯಿ ಬಿಗಿಹಿಡಿದಳು. ಹುಡುಗಿ ಉಸಿರು ಎಳೆದುಕೊಂಡು, ಅದೇ ಬಿರುಸಿನಲ್ಲಿ ಕೈ ಬೀಸಿ, ಚೆಂಡನ್ನು ಮಾತ್ರ ಮೆಲ್ಲಗೆ ಬಿಟ್ಟಳು. ಬ್ಯಾಟಿನವಳು ಮೊದಲೇ ಬೀಸಿ ಮುಗಿಸಿ ಮುಗ್ಗರಿಸಿದಳು. ಇದನ್ನು ಬುಶ್ರಾಗೆ ಯಾರೂ ಕಲಿಸಿರಲಿಲ್ಲ.

ಇನಿಂಗ್ಸ್ ಮುಗಿಸಿ ಓಡಿ ಬಂದವಳ ಮುಖ ಕೆಂಪಗೆ ಕಾದಿತ್ತು. "ಮೇಡಂ, ಇದು ಬ್ಯಾರೆನs ಆಟ ಐತ್ರಿ! ಕೈ ಬಿದ್ದು ಹೋಗೇತಿ, ತೆಲಿ ಓಡಾಕತ್ತೈತ್ರಿ!"

ವಿದ್ಯಾವತಿಯ ಕಣ್ಣು ತುಂಬಿ ಬಂತು. "ಇನ್ನಾ ಐತಿ, ನಡಿ," ಎಂದಷ್ಟೇ ಹೇಳಿ ಬೆನ್ನು ತಟ್ಟಿದಳು.

ಐದನೇ ಇನಿಂಗ್ಸ್. ಸಿಂದಗಿ ಒಂದೇ ಒಂದು ರನ್ ಮುಂದೆ, ಬೇಸುಗಳ ಮೇಲೆ ರನ್ನಿಗೆ ಓಡಲು ಕಾದು ನಿಂತ ಮುದ್ದೇಬಿಹಾಳದ ಇಬ್ಬರು, ಬ್ಯಾಟು ಹಿಡಿದು ಮತ್ತೆ ಅದೇ ಎತ್ತರದ ಹುಡುಗಿ. ಬುಶ್ರಾ ಚೆಂಡನ್ನು ಗ್ಲೌಸಿನೊಳಗೆ ಹೊರಳಿಸುತ್ತ ನಿಂತಿದ್ದಳು.

ಆಗ ಗೇಟಿನ ಕಡೆಯಿಂದ, "ಹಲೋ, ಹಲೋ, ಮೈಕ್ ಟೆಸ್ಟಿಂಗ್."

ಸರಕಿನ ಆಟೊ ಒಂದು ಮೈದಾನದೊಳಗೇ ಬಂದಿತ್ತು, ಮೇಲೆ ಸ್ಪೀಕರು. ಅದರ ಹಿಂದೆ ಬಿಳಿ ಕಾರು. ಕಾರು ಸುಣ್ಣದ ಗೆರೆ ತುಳಿದು ಅಳಿಸಿ ನಿಂತಿತು. ಇಳಿದವನು ಗುರಲಿಂಗಪ್ಪ. ಅವನ ಮಗ್ಗುಲಿಗೆ ಹಲ್ಲು ಕಿಸಿಯುತ್ತ ಇಳಿದವನು ಸಿದ್ಧರಾಮ, ಕೊರಳಲ್ಲಿ ಚೆಂಡುಹೂವಿನ ಹಾರ ಬೇರೆ!

"ಸಿಹಿ ಸುದ್ದಿ ಮೇಡಂ," ಎಂದ ಓಡಿ ಬಂದು. "ಎರಡೂ ಲೀಗ್ ಒಂದಾದ್ವು. ಅಣ್ಣಾವ್ರು ದೊಡ್ಡ ಮನಸು ಮಾಡ್ಯಾರ. ನನ್ನ ಉಪಾಧ್ಯಕ್ಷ ಮಾಡ್ಯಾರ್ರಿ."

"ಆಟ ನಡದೈತಿ. ಹೊರಗ ನಡೀರಿ."

"ಎರಡು ಮಿನಿಟ್ ಅಷ್ಟs ರೀ. ಅಣ್ಣಾವ್ರು ಎರಡು ಮಾತಾಡ್ತಾರ."

"ನಿಮ್ಮವ್ವನ ಆಣಿ ಮಾಡಿದ್ರಲ್ರೀ ಸಿದ್ಧರಾಮ! ನಾಚ್ಕಿ ಬರಂಗಿಲ್ಲೇನ್ರಿ?"

ಅವನಿಗೆ ನಾಚಿಕೆ ಬರಲಿಲ್ಲ. ಹಾರ ಸರಿ ಮಾಡಿಕೊಂಡ. ಅವನ ಆ ನಗು ಕಂಡು ವಿದ್ಯಾವತಿ ಹೇಸಿಗೆ ತುಳಿದವರಂತೆ ಒಂದು ಹೆಜ್ಜೆ ಹಿಂದೆ ಸರಿದಳು. ಇವರು ಹಾಳಾಗಿ ಹೋಗಲಿ, ಆಟ ನಿಲ್ಲಬಾರದು ಎಂದುಕೊಂಡು ಮೈದಾನದ ಕಡೆ ತಿರುಗಿ ಸೀಟಿ ಊದಿದಳು.

ಮೈದಾನ ಖಾಲಿ.

ಯಾರೂ ಕರೆದಿರಲಿಲ್ಲ, ಯಾರೂ ಗದರಿರಲಿಲ್ಲ. ಮೈಕು ಕರಕರ ಎಂದದ್ದಷ್ಟೇ ಸಾಕಾಗಿತ್ತು. ಬೇಸಿನ ಮೇಲಿದ್ದ ಇಬ್ಬರು, ಬ್ಯಾಟಿನ ಎತ್ತರದ ಹುಡುಗಿ, ಸಿದ್ಧರಾಮನ ಮಗಳು, ಎರಡೂ ಊರಿನ ಅಷ್ಟೂ ಹುಡುಗಿಯರು ಆಟೊದ ಮುಂದೆ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಮೊಣಕಾಲ ಮೇಲೆ ಕೈಯಿಟ್ಟು, ಜಾಣ ಮಕ್ಕಳ ಹಾಗೆ. ಮುಂದಿನ ಸಾಲಿನಲ್ಲಿ ಬುಶ್ರಾ. ಎಸೆಯಬೇಕಿದ್ದ ಚೆಂಡು ಅವಳ ತೊಡೆಯ ಮೇಲಿತ್ತು.

"ಬುಶ್ರಾ! ನಿನ್ನ ಇನಿಂಗ್ಸ್ ಮುಗದಿಲ್ಲವಾ, ಹಿಂಗ್ಯಾಕ ಕುಂತಿ?"

ಬುಶ್ರಾ ತಲೆಯೆತ್ತಿದಳು. ಆಗಲೇ ಗುರಲಿಂಗಪ್ಪ ಮೈಕಿನಲ್ಲಿ ಗಂಟಲು ಸರಿ ಮಾಡಿಕೊಂಡು, ನಮ್ಮ ಮನೆಯ ಮಗಳು, ಸಾಫ್ಟ್‌ಬಾಲಿಗೆ ಜೀವ ತೇಯ್ದ ವಿದ್ಯಾವತಿ ಮೇಡಂ ಅವರಿಗೆ ಈಗ ಸನ್ಮಾನ ಎಂದ. ಬುಶ್ರಾಳ ಮುಖ ಹಿಗ್ಗಿಹೋಯಿತು. ಅದರಲ್ಲಿ ಕಪಟವಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ತನ್ನ ಮೇಡಂಗೆ ಒಳ್ಳೆಯದಾಯಿತು ಎಂಬ ಸಂತೋಷ ಒಂದೇ ಇತ್ತು.

"ಮೇಡಂ, ನಿಮಗs ಐತಂತ್ರಿ!" ಎಂದಳು.

ಗುರಲಿಂಗಪ್ಪನಿಗೆ ಬೈದು ಏನು ಪ್ರಯೋಜನ? ಅವನು ತನ್ನ ಕೆಲಸವನ್ನು ಎಂದೋ ಮುಗಿಸಿದ್ದ.

"ಏಳ್ರಿ!" ಎಂದು ವಿದ್ಯಾವತಿ ಮೈದಾನ ನಡುಗುವಂತೆ ಚೀರಿದಳು. "ಏಳ್ರಿ, ಎಲ್ಲಾರೂ ಏಳ್ರಿ!"

ಹುಡುಗಿಯರು ಒಮ್ಮೆಲೇ ಎದ್ದರು. ಎರಡೂ ತಂಡಗಳು, ಒಬ್ಬಳೂ ಬಿಡದೆ, ಅಟೆನ್ಷನ್ನಿನಲ್ಲಿ ನೆಟ್ಟಗೆ ಎದ್ದು ನಿಂತರು. ನಿಂತಲ್ಲೇ ಚಪ್ಪಾಳೆ ಹೊಡೆಯತೊಡಗಿದರು. ಬುಶ್ರಾ ಚೆಂಡನ್ನು ನೆಲಕ್ಕೆ ಬಿಟ್ಟು, ಗ್ಲೌಸು ಕಿತ್ತು ಅದರ ಪಕ್ಕಕ್ಕೆ ಹಾಕಿ, ಸೋತು ಬಿದ್ದುಹೋದ ಆ ಕೈಯನ್ನೂ ತಲೆಯ ಮೇಲೆ ಎತ್ತಿ ಎಲ್ಲರಿಗಿಂತ ಜೋರಾಗಿ ಹೊಡೆಯುತ್ತಿದ್ದಳು.