ಕೊಂಬೆ ಕಟ್ಟಿದ ಬೈಕು, ಕೆಂಪು ದೀಪ

ಸಲೊಂಗೊ ಕಬೂಯೆಯಂಥ ಹೆದರುಪುಕ್ಕ ಬೋಡಾ ಸವಾರ, ಅಂದರೆ ಬಾಡಿಗೆ ಬೈಕಿನವನು, ಇಡೀ ಕಂಪಾಲಾ ಹುಡುಕಿದರೂ ಸಿಗಲಿಕ್ಕಿಲ್ಲ. ಅವಳಿ ಮಕ್ಕಳ ಅಪ್ಪನಾದ್ದರಿಂದ ಅವನನ್ನು ಸಲೊಂಗೊ ಎಂದು ಮರ್ಯಾದೆಯಿಂದ ಕರೆಯುತ್ತಿದ್ದೆವು. ವಯಸ್ಸಾದ್ದರಿಂದ ನಮ್ಮ ಬೈಕ್ ಸ್ಟ್ಯಾಂಡಿನ ಯಜಮಾನಿಕೆಯೂ ಅವನದೇ. ಅವನ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಮ್ಮೆ ಪೊಲೀಸರು ನಮ್ಮನ್ನೆಲ್ಲ ಕೂರಿಸಿ, ಕೆಂಪು ದೀಪ ಲಾರಿಗೆ ಹೇಗೋ ಎರಡು ಚಕ್ರಕ್ಕೂ ಹಾಗೇ, ಸೈಕಲ್ಲಿಗೂ ಬಿಟ್ಟಿಲ್ಲ ಎಂದು ಕಾನೂನು ಹೇಳಿದರು. ನಾವು ತಲೆಯಾಡಿಸಿ, ಕೊಟ್ಟ ಸೋಡಾ ಕುಡಿದು ಎದ್ದು ಬಂದೆವು. ಸಲೊಂಗೊ ಒಬ್ಬ ನಂಬಿದ. ಅಂದಿನಿಂದ ರಸ್ತೆ ಖಾಲಿಯಿದ್ದರೂ ಕೆಂಪು ಕಂಡರೆ ಕಾಲೂರಿ ನಿಲ್ಲುತ್ತಿದ್ದ. ಹಿಂದೆ ಕೂತ ಗಿರಾಕಿ ಬೈದು ಇಳಿದು ಹೋದರೂ ಜಗ್ಗುತ್ತಿರಲಿಲ್ಲ.

"ಆ ದೀಪಕ್ಕೂ ನಿಂಗೂ ಏನಯ್ಯಾ ನೆಂಟಸ್ತಿಕೆ?" ಎಂದು ನಮ್ಮ ಸ್ಟ್ಯಾಂಡಿನ ಲುತಾಯ ರೇಗಿಸುತ್ತಿದ್ದ. ನಂಟೇನಿಲ್ಲ, ಭಯ ಅಷ್ಟೇ ಎನ್ನುತ್ತಿದ್ದ ಸಲೊಂಗೊ.

ಅದೇ ಲುತಾಯ ಕೆಂಪಿನಲ್ಲಿ ನುಗ್ಗಿ ಮರಳು ಲಾರಿಗೆ ಸಿಕ್ಕಿ ಸತ್ತ.

ನಮ್ಮಲ್ಲಿ ಸವಾರ ಸತ್ತರೆ ಹೆಣವನ್ನು ಅವನ ಊರಿಗೆ ಒಯ್ಯುವ ಪಿಕಪ್ಪಿನ ಹಿಂದೆ ಮುಂದೆ ಬೈಕುಗಳು ಹಸಿರು ಕೊಂಬೆ ಕಟ್ಟಿಕೊಂಡು ಹಾರನ್ ಬಾರಿಸುತ್ತ ಹೋಗುತ್ತವೆ. ಕೊಂಬೆ ಕಟ್ಟಿದ ಮೇಲೆ ಯಾವ ದೀಪವೂ ಲೆಕ್ಕಕ್ಕಿಲ್ಲ. ನಿಂತರೆ ಸತ್ತವನಿಗೆ ಅವಮಾನ. ಎಲ್ಲರಿಗಿಂತ ಮುಂದೆ ಹೋಗಬೇಕಾದವನು ಯಜಮಾನ, ಹೋಗಬೇಕಾದ ದಾರಿ ಲುತಾಯ ಸತ್ತ ಆ ಸಿಗ್ನಲ್ಲಿನ ಮೇಲೆಯೇ.

ಕೊಂಬೆ ಕಟ್ಟುವಾಗ ಸಲೊಂಗೊನ ಕೈಯಿಂದ ಹಗ್ಗ ಜಾರಿತು. ಗಂಟು ನಾನೇ ಹಾಕಿದೆ.

"ಕೆಂಪಿದ್ರೆ ಏನ್ಮಾಡ್ಲೋ?" ಎಂದು ಪಿಸುಗುಟ್ಟಿದ.

ನುಗ್ಗು ಎಂದೆ. ಹೇಳಿದವನು ನಾನಾದರೂ ನನ್ನ ಬೈಕನ್ನು ಅವನ ಬೆನ್ನ ಹಿಂದೆಯೇ ನಿಲ್ಲಿಸಿಕೊಂಡೆ. ಮರಳು ಲಾರಿಗಳ ಓಡಾಟವೇನೂ ನಿಂತಿರಲಿಲ್ಲ.

ಸಿಗ್ನಲ್ ಹತ್ತಿರವಾದಾಗ ಕೆಂಪೇ ಇತ್ತು. ಸಲೊಂಗೊ ಕೈ ಮೇಲೆತ್ತಿದ, ವೇಗ ಇಳಿಸಿದ, ಕಾಲೂರಿ ನಿಂತೇಬಿಟ್ಟ. ಹಿಂದೆ ಬ್ರೇಕುಗಳು ಕಿರುಚಿದವು. ಯಾರದೋ ಕನ್ನಡಿ ನನ್ನ ತೊಡೆಗೆ ಬಡಿಯಿತು. ನಮ್ಮೆದುರು ಅಡ್ಡರಸ್ತೆಯ ಲಾರಿಗಳು ಗುಡುಗುತ್ತ ದಾಟತೊಡಗಿದವು. ಹೇಡಿ, ಹೆಣ ನಿಲ್ಲಿಸ್ತೀಯಾ ಎಂದು ಬೈಯುತ್ತ ಹಿಂದಿನವರು ಬೈಕು ಬಿಟ್ಟು ಓಡಿಬಂದರು. ಸಿಟ್ಟೆದ್ದ ಸವಾರರು ಹಿಂದೊಮ್ಮೆ ಒಬ್ಬನ ಬೈಕಿಗೆ ಬೆಂಕಿ ಹಚ್ಚಿದ್ದನ್ನೂ, ಆಮೇಲೆ ಅದರ ಒಡೆಯನನ್ನು ಹುಡುಕಿದ್ದನ್ನೂ ನಾನು ಕಣ್ಣಾರೆ ಕಂಡವನು. ಒಬ್ಬ ಸಲೊಂಗೊನ ಕೊರಳಪಟ್ಟಿ ಹಿಡಿದ. ಬಿಡಿಸಲು ನನಗೆ ಕೈ ಬರಲಿಲ್ಲ. ಮುಂದೆ ಲಾರಿ, ಹಿಂದೆ ಇವರು. ಆ ಮುದುಕ ಮಾತ್ರ ಕಣ್ಣು ಮುಚ್ಚಿಕೊಂಡು ಹ್ಯಾಂಡಲ್ ಬಿಗಿಹಿಡಿದು ಕೂತಿದ್ದ.

ಆಗ ಪಿಕಪ್ಪಿನಲ್ಲಿ ಹೆಣದ ಪಕ್ಕ ಕೂತಿದ್ದ ಲುತಾಯನ ಹೆಂಡತಿ ನಕಿವಾಲ ಕೆಳಗಿಳಿದಳು. ಯಾರ ಮುಖವನ್ನೂ ನೋಡದೆ ಬಂದು, ಉಡುಗೆ ಮೇಲೆತ್ತಿಕೊಂಡು ಸಲೊಂಗೊನ ಬೆನ್ನ ಹಿಂದೆ ಹತ್ತಿ ಕೂತಳು.

"ಕೈ ಬಿಡಪ್ಪ," ಎಂದಳು. "ನಮ್ಮನೆಯವರಿಗೆ ಇನ್ಯಾವ ಅವಸರಾನೂ ಇಲ್ಲ."

ಕೊರಳಪಟ್ಟಿ ಹಿಡಿದ ಕೈ ಸಡಿಲಾಯಿತು. ಹಾರನ್‌ಗಳು ಒಂದೊಂದಾಗಿ ನಿಂತವು. ಅಷ್ಟು ಜನ ಬೋಡಾದವರು ಕೆಂಪು ದೀಪ ನೋಡುತ್ತ ಸುಮ್ಮನೆ ನಿಂತದ್ದನ್ನು ನಾನು ಅಂದೇ ಮೊದಲು ಕಂಡದ್ದು.

ಹಸಿರು ಬಂತು. ಸಲೊಂಗೊನ ಕಾಲು ನೆಲ ಬಿಟ್ಟು ಏಳಲಿಲ್ಲ. ಅವಳು ಮೆಲ್ಲಗೆ ಬೆನ್ನು ತಟ್ಟಿದ ಮೇಲೆ ಹೊರಟ. ನನ್ನ ಕಾಲುಗಳೂ ಏಳಲಿಲ್ಲ. ನನ್ನ ಬೆನ್ನು ತಟ್ಟುವವರು ಯಾರೂ ಇರಲಿಲ್ಲ.