ಶಾಂತವೀರಮ್ಮನವರ ಬೆಳಗಿನ ನೋವು

ರಾಜಾಜಿನಗರದ ನಮ್ಮ ವಠಾರದಲ್ಲಿ ಶಾಂತವೀರಮ್ಮನವರಿಗೆ ಕಾಯಿಲೆ ಇದೆ ಎಂದು ಒಪ್ಪಿಕೊಂಡವರು ಶಾಂತವೀರಮ್ಮ ಒಬ್ಬರೇ. ಬೆಳಗ್ಗೆ ಎದ್ದಾಗ ಅವರ ಬೆರಳುಗಳು ಮಡಚುವುದಿಲ್ಲ. ಹಾಲಿನ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಒಳಗೆ ತರುತ್ತಾರೆ. ಡಾಕ್ಟರ ಷಾಪು ತೆರೆಯುವುದು ಹತ್ತು ಗಂಟೆಗೆ, ಅಷ್ಟು ಹೊತ್ತಿಗೆ ಬೆರಳುಗಳು ಸಡಿಲವಾಗಿರುತ್ತವೆ. ಹಣೆಗೆ ವಿಭೂತಿ, ತಲೆಗೆ ಹೂವು ಇಲ್ಲದೆ ಹೊರಗೆ ಕಾಲಿಡುವವರೂ ಅಲ್ಲ. "ಲಕ್ಷಣವಾಗಿದ್ದೀರಲ್ಲಮ್ಮ, ಏನೂ ಇಲ್ಲ" ಎಂದು ಡಾಕ್ಟರು ಟಾನಿಕ್ ಬರೆಯುತ್ತಾರೆ. "ಬೆಳಗ್ಗೆ ನೋಡ್ಬೇಕಿತ್ತು ಸಾರ್" ಎಂದು ಇವರು ಹೊಸಹಳ್ಳಿಯ ಡಾಕ್ಟರಿಗೂ ಹೇಳಿದ್ದಾರೆ, ಕುರುಬರಹಳ್ಳಿಯ ಹೋಮಿಯೋಪತಿಯವರಿಗೂ ಹೇಳಿದ್ದಾರೆ. ಎಕ್ಸ್‌ರೇ ಚೊಕ್ಕವಾಗಿ ಬಂದ ದಿನ ಅತ್ತೆ ಬಸವ್ವನವರು, "ನಂಗೊತ್ತಿತ್ತು, ರೊಟ್ಟಿ ತಟ್ಟೋ ಹೊತ್ತಿಗೇ ಇವಳಿಗೆ ನೋವು ಬರೋದು" ಎಂದರು. ವಠಾರವೆಲ್ಲ ನಕ್ಕಿತು. ಯಾರು ಹಾಸಿಗೆ ಹಿಡಿದರೂ ಬ್ರೆಡ್ಡು, ಮೋಸಂಬಿ ತೆಗೆದುಕೊಂಡು ಮೊದಲು ನೋಡಲು ಹೋಗುವವರು ಶಾಂತವೀರಮ್ಮನವರೇ. ಇವರ ಮನೆಗೆ ಮಾತ್ರ ಯಾರೂ ಬ್ರೆಡ್ಡು ತಂದದ್ದಿಲ್ಲ. ಹೋದ ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ, ಮುಂಗೈ ಮುರಿದು, ಬಿಳೀ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು ನೋಡಿ, ಸಂಜೆಯೊಳಗೆ ಗೂಡಿನಲ್ಲಿ ಬ್ರೆಡ್ಡು ಇಡಲು ಜಾಗವಿಲ್ಲ. ಬಸವ್ವನವರೇ ಸೊಸೆಯ ತಲೆ ಬಾಚಿದರು, ರೊಟ್ಟಿ ತಟ್ಟಿ ತುತ್ತು ಮಾಡಿ ಬಾಯಿಗಿಟ್ಟರು. ಬಂದವರೆಲ್ಲ "ತುಂಬಾ ನೋವಾ?" ಎಂದು ಕೇಳಿದರು. ಮೂಳೆ ಕೂಡಿದ ಮೇಲೆ ಪ್ಲಾಸ್ಟರ್ ಬಿಚ್ಚಿಸಲು ಆಸ್ಪತ್ರೆಗೆ ಜೊತೆಯಲ್ಲಿ ಹೋದವಳು ನಾನು. ಡಾಕ್ಟರು ಕತ್ತರಿ ಎತ್ತಿಕೊಂಡು, "ಇನ್ನೂ ನೋವಿದೆಯಾಮ್ಮ?" ಎಂದರು. "ಮುರಿದಿದ್ದು ನೋಯ್ತಿಲ್ಲ ಸಾರ್" ಎಂದ ಶಾಂತವೀರಮ್ಮ ಕೈಯನ್ನು ಮೆಲ್ಲಗೆ ಸೆರಗಿನೊಳಕ್ಕೆ ಎಳೆದುಕೊಂಡರು. "ಆದ್ರೂ ಇನ್ನೊಂದಷ್ಟು ದಿನ ಇರ್ಲಿ ಬಿಡಿ."