ಅಡುಗೆಮನೆಗೆ ಹೋಗಿಬಂದ ತಟ್ಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇದರಲ್ಲಿ ಕೆಲವು ನನಗೆ ತಪ್ಪಾಗಿ ನೆನಪಿರಬಹುದು. ನನ್ನ ಓದಿನ ಮಾತು ಬಂದ ದಿನ ನಡುಮನೆಯ ಕಂಬಕ್ಕೆ ಒರಗಿ ನಿಂತು, ಅವ್ವ ತಟ್ಟೆಗೆ ಅಡಿಕೆ ಇಟ್ಟದ್ದನ್ನು ಕಂಡೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಮೊನ್ನೆ ಅವ್ವನನ್ನು ನೋಡಲು ನಮ್ಮೂರು ಮೊಗುಡಂಪಲ್ಲಿಗೆ ಹೋದಾಗ ಅದೇ ಕಂಬಕ್ಕೆ ಒರಗಿ ನೋಡಿದೆ. ಅಲ್ಲಿಂದ ಅಡುಗೆಮನೆ ಕಾಣುವುದೇ ಇಲ್ಲ!

ಕಂಬದ ಪಕ್ಕದ ಗೂಡಿನಲ್ಲಿ ಮುತ್ಯಾನ ಪಾನದಾನ, ಹಿತ್ತಾಳೆಯ ಎಲೆಯಡಿಕೆ ಡಬ್ಬಿ, ಸಿಕ್ಕಿತು. ಮುಚ್ಚಳ ತೆಗೆದರೆ ಇನ್ನೂ ಅಡಿಕೆ, ಸುಣ್ಣದ ವಾಸನೆ. ಮರುದಿನ ಜಹೀರಾಬಾದಿನ ಕಾಲೇಜಿನಲ್ಲಿ ನಾನು ಸಂಸತ್ತಿನ ಪಾಠ ಮಾಡಬೇಕಿತ್ತು. ಅದರ ಟಿಪ್ಪಣಿ ಬ್ಯಾಗಿನಲ್ಲೇ ಉಳಿಯಿತು, ಮನಸ್ಸು ಮುತ್ಯಾನ ಕಾಲಕ್ಕೆ ಹೋಯಿತು.

ಮುತ್ಯಾ, ಅಂದರೆ ಅಪ್ಪನ ಅಪ್ಪ, ದೊಡ್ಡ ಮಾತು ಬಂದಾಗಲೆಲ್ಲ ಜಮಖಾನ ಹಾಸಿಸಿ "ಪಾರ್ಲಿಮೆಂಟ್ ಕೂಡ್ತದ, ಬರ್ರಿ" ಎನ್ನುತ್ತಿದ್ದ. ಮಾತು ಮುಗಿದ ಮೇಲೆ ತಟ್ಟೆ ಸುತ್ತುತ್ತಿತ್ತು. ಒಪ್ಪಿಗೆ ಇದ್ದವರು ಅದರಲ್ಲೊಂದು ಅಡಿಕೆ ಹೋಳು ಇಡಬೇಕು, ಇಲ್ಲದವರು ಸುಮ್ಮನೆ ಮುಂದೆ ಸರಿಸಬೇಕು. ಮೊದಮೊದಲು ಮುತ್ಯಾ ಒಬ್ಬನೇ ತೀರ್ಮಾನಿಸುತ್ತಿದ್ದನಂತೆ. ಕಬ್ಬು ಕಡಿಯಲು ಮಕ್ಕಳ ರಟ್ಟೆ ಬೇಕಾದ ಮೇಲೆ ಅವರ ಮಾತೂ ಬೇಕಾಯಿತು. ದೂರದೇಶದ ಅರಸರಿಗೂ ಆದದ್ದು ಇಷ್ಟೇ. ಯುದ್ಧಕ್ಕೆಂದು ಕಂದಾಯ ಕೇಳಿದರು. ಕೊಡುವವರು, ಮೊದಲು ನಮ್ಮ ಅಹವಾಲು ಕೇಳಿ ಎಂದರು. ಆ ಕೇಳುವ ಜಾಗವೇ ಬೆಳೆದು ಸಂಸತ್ತಾಯಿತು. ಮೊದಲು ಸಿರಿವಂತರು ಬಂದು ಕೂತರು, ಆಮೇಲೆ ಸಾಮಾನ್ಯರು. ಹೆಂಗಸರು ತೀರ ಕೊನೆಗೆ.

ನಮ್ಮ ಮನೆಯ ಪಾರ್ಲಿಮೆಂಟಿಗೆ ಹೆಂಗಸರು ಬಂದದ್ದು ನನ್ನ ದೆಸೆಯಿಂದ. ಮುಂದಿನ ಓದಿಗೆ ನಾನು ಹೈದರಾಬಾದಿನ ಹಾಸ್ಟೆಲಿಗೆ ಹೋಗಬೇಕಿತ್ತು. ಅಪ್ಪ ಅಡಿಕೆ ಇಟ್ಟ, ಇಬ್ಬರು ಕಾಕಾಗಳು ಇಡಲಿಲ್ಲ. "ಆತು, ಮುಗೀತು" ಎಂದು ಮುತ್ಯಾ ಏಳುವಷ್ಟರಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ, ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು.

"ಏನ್ ಮುಗೀತಪ್ಪಾ? ಒಳಗ ಮೂರು ಮಂದಿ ಇದ್ದೀವಲ್ಲ."

"ನೋಡ್ರಿ, ಒಲಿ ಮುಂದಿನ ಮೆಂಬರ್ ಎದ್ದಾರ," ಎಂದ ಸಣ್ಣ ಕಾಕಾ.

"ಆ ಮೆಂಬರ್ ಕೈ ಕಟ್ಟಿ ಕೂತ್ರ ನಿನ್ನ ತಾಟಿಗಿ ರೊಟ್ಟಿ ಎಲ್ಲಿಂದ ಬರ್ತದೋ ತಮ್ಮಾ?"

ಮುತ್ಯಾ ನಕ್ಕ. ನಕ್ಕನೆಂದರೆ ಸೋತನೆಂದೇ ಅರ್ಥ. ಅಪ್ಪನ ಹೋಳನ್ನು ಜಮಖಾನದ ಮೇಲೆ ತೆಗೆದಿಟ್ಟು, ಖಾಲಿ ತಟ್ಟೆ, ಪಾನದಾನ ಎರಡನ್ನೂ ಒಳಗೆ ಕಳಿಸಿದ. ಅಲ್ಲಿದ್ದವರು ಅತ್ತೆ, ಮುತ್ಯಾನ ಹೆಂಡತಿ ಆಯಿ, ಮತ್ತು ಅವ್ವ. ರೊಟ್ಟಿ ಸುತ್ತುವ ಬಟ್ಟೆಯನ್ನು ತಟ್ಟೆಗೆ ಹೊದಿಸಿ, ಒಬ್ಬೊಬ್ಬರೂ ಅದರ ಕೆಳಗೆ ಕೈ ಹಾಕಿದರಂತೆ. ಹೀಗೆಂದು ಅತ್ತೆ ಆಮೇಲೆ ಹೇಳಿದಳು. ತಟ್ಟೆ ನಡುಮನೆಗೆ ಬಂದ ಮೇಲೆ ಮುತ್ಯಾ ಬಟ್ಟೆ ಸರಿಸಿದ. ಎರಡೇ ಹೋಳು. ಅಪ್ಪನದು ಸೇರಿದರೆ ಆರು ಜನರಲ್ಲಿ ಮೂರು, ಸಮಸಮ. ಬಾಯಿಗೆ ಹಾಕಿಕೊಳ್ಳಬೇಕೆಂದಿದ್ದ ಹೋಳನ್ನು ಮುತ್ಯಾ ತಟ್ಟೆಗೆ ಹಾಕಿದ. "ಹೋಗ್ಲಿ ಬಿಡ್ರಿ ಕೂಸು, ಕಲ್ತು ಬರ್ಲಿ."

ಹೊರಟ ದಿನ ಅವ್ವ ಬಸ್ಸಿನ ಕಿಟಕಿಯಲ್ಲಿ ಕಡಕ್ ರೊಟ್ಟಿಯ ಗಂಟು ಕೊಟ್ಟಳು. ಅದೇ ಬಟ್ಟೆಯಲ್ಲಿ ಕಟ್ಟಿದ್ದಳು ಎಂದು ನನ್ನ ನೆನಪು, ನೀವು ನಂಬಲೇಬೇಕೆಂದಿಲ್ಲ.

ಅಡಿಕೆ ಇಡದವಳು ಆಯಿ ಎಂದೇ ಇಷ್ಟು ವರ್ಷ ತಿಳಿದಿದ್ದೆ. ತೀರಿಕೊಂಡವರ ತಲೆಗೆ ಕಟ್ಟುವುದು ಸುಲಭ. ಗುಪ್ತ ಮತವನ್ನು ಯಾರೂ ಕೇಳಬಾರದು ಎಂದು ಕಲಿಸುವವಳು ನಾನೇ. ಆದರೂ ಮೊನ್ನೆ ಕೇಳಿಬಿಟ್ಟೆ. ಅವ್ವ ನನ್ನ ಕೈಯಿಂದ ಪಾನದಾನ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಗೂಡಿಗೆ ಇಟ್ಟು, ಚಹಾಕ್ಕೆ ನೀರಿಡಲು ಹೋದಳು. ನಾನು ಕೇಳಿದ್ದು ಇಷ್ಟೇ:

"ಅವ್ವಾ, ನನ್ನ ಕಳಿಸಾಕ ನಿನಗ ಮನಸಿತ್ತೇನು?"